ತೊಳೆಯದ ಸೌಟು

"ತಿನ್ನಿ! ಎಲ್ಲರೂ ತಿನ್ನಿ! ನಮ್ಮ ಐಸ್‌ಕ್ರೀಮಲ್ಲಿ ಹುಳ ಇದೆಯೋ, ಊರವರ ಬಾಯಲ್ಲಿ ಹುಳ ಇದೆಯೋ, ಇವತ್ತು ಇಲ್ಲೇ ತೀರ್ಮಾನ ಆಗಿಬಿಡಲಿ!"

ಊಟದ ಮೇಜಿನ ತುದಿಯಲ್ಲಿ ನಿಂತು ಅತ್ತೆ ಬಟ್ಟಲುಗಳಿಗೆ ಬಡಿಸುತ್ತಿದ್ದರು. ಮನೆಯ ಹಿಂದೆಯೇ ಇದ್ದ ಕಾರ್ಖಾನೆಯ ಅಂಗಳದಲ್ಲಿ, ಅಂಗಡಿಗಳಿಂದ ವಾಪಸ್ ಬಂದ ಡಬ್ಬಿಗಳನ್ನು ವ್ಯಾನುಗಳಿಂದ ಇಳಿಸುವ ಸದ್ದು ಬೆಳಗಿನಿಂದ ನಿಂತಿರಲಿಲ್ಲ. ಐಸ್‌ಕ್ರೀಮಿನಲ್ಲಿ ರೋಗಾಣು ಸಿಕ್ಕಿದೆ, ತಿಂದವರು ಆಸ್ಪತ್ರೆ ಸೇರುತ್ತಿದ್ದಾರೆ, ಕಾರ್ಖಾನೆ ಮುಚ್ಚಿ, ಮಾರಾಟಕ್ಕೆ ಹೋದ ಸರಕನ್ನೆಲ್ಲ ಹಿಂದಕ್ಕೆ ತರಿಸಿ ಎಂದು ಆರೋಗ್ಯ ಇಲಾಖೆ ಆದೇಶ ಮಾಡಿತ್ತು. ಬೇರೆ ಯಾವ ಮನೆಯಾದರೂ ತಲೆ ತಗ್ಗಿಸಿ ಕೂರುತ್ತಿತ್ತು. ಈ ಮನೆಯ ಯಜಮಾನಿ ಮಾತ್ರ ಹಾಗೆ ವಾಪಸ್ ಬಂದ ಡಬ್ಬಿಯೊಂದನ್ನು ತರಿಸಿ, ಅದರ ಮುಚ್ಚಳ ತೆಗೆದು, ತಮ್ಮ ಮಕ್ಕಳ ಮುಂದೆಯೇ ಇಟ್ಟಿದ್ದರು. ಮರ್ಯಾದೆ ಎಂದರೆ ಅವರ ಲೆಕ್ಕದಲ್ಲಿ ಇದು!

ಮನೆ ಅಳಿಯ ದವಡೆ ಹಿಡಿದುಕೊಂಡು "ಹಲ್ಲುನೋವು ಅತ್ತೆ, ತಣ್ಣಗಿದ್ದಿದ್ದು ಮುಟ್ಟೋ ಹಾಗಿಲ್ಲ" ಎಂದ. ಊರೂರು ಸುತ್ತಿ ಈ ಐಸ್‌ಕ್ರೀಮನ್ನು ಅಮೃತವೆಂದು ಮಾರುತ್ತಿದ್ದವನು ಅವನೇ. ಒಬ್ಬನೇ ಮಗ, ಅಂದರೆ ಸೊಸೆಯ ಕೈಹಿಡಿದ ಮಹಾಶಯ, ಒಂದು ಚಮಚ ಬಾಯಿಗಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಕೆನ್ನೆ ಉಬ್ಬಿಸಿ ಕುಳಿತ. ಸಂತೋಷದಿಂದ ಕೈ ಚಾಚಿದ್ದು ತುಂಬಿದ ಬಸುರಿ ನಾದಿನಿ ಒಬ್ಬಳೇ. ಮನೆಯವರೆಲ್ಲ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ತಾಯಿ ಕೊಟ್ಟದ್ದನ್ನು ತಿನ್ನಬಾರದು ಎಂಬ ಯೋಚನೆ ಹುಟ್ಟಿದಾಗಿನಿಂದ ಆ ತಲೆಯೊಳಗೆ ಸುಳಿದದ್ದೇ ಇಲ್ಲ.

ಚಮಚ ಅವಳ ತುಟಿ ಮುಟ್ಟುವಷ್ಟರಲ್ಲಿ ಸೊಸೆ ಎದ್ದು ಬಟ್ಟಲನ್ನು ಕೈಯಿಂದ ಹೊಡೆದಳು. ಅದು ಗೋಡೆಗೆ ಬಡಿದು ಚೂರಾಯಿತು.

"ಬಸುರಿಗೆ ಕೊಡ್ತಿದ್ದೀರಲ್ಲ ಅತ್ತೆ... ನಿಮಗೆ ತಲೆ ನೆಟ್ಟಗಿದೆಯಾ?"

ಅತ್ತೆಯ ಕೈ ಬೀಸಿತು. ಸೊಸೆಯ ಕೆನ್ನೆ ಉರಿಯಿತು. "ನನ್ನ ಮಗಳಿಗೆ ವಿಷ ಹಾಕ್ತೀನಿ ಅಂತೀಯಾ? ಯಾರ ಮನೆ ಅನ್ನ ತಿಂದು ಯಾರ ಮೇಲೆ ಗೂಬೆ ಕೂರಿಸ್ತೀಯೇ?"

ಸೊಸೆ ಗಂಡನ ಕಡೆ ನೋಡಿದಳು. ಅವನು ತುಟಿ ಪಿಟಕ್ ಎನ್ನಲಿಲ್ಲ. ಬಾಯಲ್ಲಿ ಐಸ್‌ಕ್ರೀಂ ಇತ್ತಲ್ಲ, ಪಾಪ!

ಈ ಮನೆಗೆ ಅವಳನ್ನು ತಂದುಕೊಂಡದ್ದೇ ಒಂದು ವ್ಯಾಪಾರ. ಹುಡುಗಿ ಹಾಲಿನ ಉದ್ಯಮದ ವಿದ್ಯೆ ಓದಿದ್ದಾಳೆ ಎಂದು ತಿಳಿದ ದಿನವೇ ಅತ್ತೆ ಒಪ್ಪಿಬಿಟ್ಟಿದ್ದರು. ಸಂಬಳ ಕೇಳದ ಮೇಲ್ವಿಚಾರಕಿ ಬೇರೆಲ್ಲಿ ಸಿಕ್ಕಾಳು? ಹಾಲು ಕಾಯಿಸುವ ತೊಟ್ಟಿಗಳು, ಕೊಳವೆಗಳು, ನೆಲ, ಚರಂಡಿ ಎಲ್ಲವನ್ನೂ ತೊಳೆಸುವ ಹೊಣೆ ಅವಳದಾಯಿತು. ಅವಳು ಉಗುರಿನ ಸಂದಿಯನ್ನೂ ಬಿಡದೆ ಕೆಲಸಗಾರರ ಕೈ ತೊಳೆಸಿದಳು. ತೊಳೆಸಲಾಗದೆ ಉಳಿದದ್ದು ಒಂದೇ ಒಂದು ವಸ್ತು. ಅದು ಮಾವನ ಮರದ ಸೌಟು.

ಉದ್ದ ಹಿಡಿಯ ಆ ಸೌಟಿನಿಂದಲೇ ಮಾವ ತಮ್ಮ ಮೊದಲ ಐಸ್‌ಕ್ರೀಮನ್ನು ಕೈಯಾರೆ ಕಲೆಸಿದ್ದರಂತೆ. ಅವರು ತೀರಿಕೊಂಡ ಮೇಲೆ ಅತ್ತೆ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಮಲಗುವ ಕೋಣೆಯಲ್ಲಿ ಅವರ ಫೋಟೋದ ಕೆಳಗೆ ಇಟ್ಟರು. ಪ್ರತಿ ಬೆಳಿಗ್ಗೆ ಎದೆಗವಚಿಕೊಂಡು ಕಾರ್ಖಾನೆಗೆ ಬರುವರು. ಹಾಲು ಕಾದು, ತಣಿದು, ಇನ್ನೇನು ಯಂತ್ರಕ್ಕೆ ಹೋಗಬೇಕು ಎನ್ನುವಾಗ ತೊಟ್ಟಿಯ ಮುಚ್ಚಳ ತೆಗೆಸಿ, ಆ ಸೌಟನ್ನು ಮುಳುಗಿಸಿ ಒಮ್ಮೆ ತಿರುಗಿಸುವರು. "ಯಜಮಾನ್ರ ಕೈ ಬಿತ್ತು, ಇನ್ನು ನಡೀಲಿ" ಎನ್ನುವರು. ಕೆಲಸಗಾರರು ಟೋಪಿ ತೆಗೆದು ನಿಲ್ಲಬೇಕು. ಆಮೇಲೆ ತಮ್ಮ ಶಾಲಿನ ತುದಿಯಿಂದ ಸೌಟನ್ನು ಒರೆಸಿ ಮತ್ತೆ ರೇಷ್ಮೆಯೊಳಗೆ ಮಲಗಿಸುವರು. ಸೋಪು ಬೇಡ, ಬಿಸಿನೀರು ಬೇಡ. ತೊಳೆದರೆ ಗಂಡನ ಕೈ ಅಳಿಸಿಹೋಗುತ್ತದಂತೆ! ಸೊಸೆ ಸೌಟಿನ ಮೈತುಂಬ ಬಿರುಕು ಕಂಡಿದ್ದಳು, ಮೂಗಿನ ಹತ್ತಿರ ತಂದು ಹುಳಿ ವಾಸನೆಯನ್ನೂ ಹಿಡಿದಿದ್ದಳು. "ಇದನ್ನ ತೊಟ್ಟಿಗೆ ಹಾಕಬೇಡಿ ಅತ್ತೆ, ಹಾಕಲೇಬೇಕು ಅಂದ್ರೆ ದಿನಾ ಕುದಿಸೋಣ" ಎಂದು ಕೈ ಮುಗಿದಿದ್ದಳು. "ಸತ್ತ ಮಾವನ್ನೂ ಕುದಿಸೋಕೆ ಬಂದಿದ್ದೀಯಾ ಮಾರಾಯ್ತಿ?" ಎಂದು ಅತ್ತೆ ಕೆಲಸಗಾರರ ಮುಂದೆಯೇ ನಕ್ಕಿದ್ದರು. ಗಂಡನೂ ನಕ್ಕಿದ್ದ. ಅವನ ನಗು ಯಾವಾಗಲೂ ತಾಯಿಯ ನಗುವಿನ ಬಾಲ ಹಿಡಿದೇ ಬರುತ್ತಿತ್ತು.

ಅಧಿಕಾರಿಗಳು ಒಮ್ಮೆ ಬಂದು ತೊಟ್ಟಿ, ಕೊಳವೆ, ಚರಂಡಿ ಎಲ್ಲವನ್ನೂ ಒರೆಸಿ ಮಾದರಿ ಒಯ್ದಿದ್ದರು. ಎಲ್ಲಿಯೂ ಏನೂ ಸಿಕ್ಕಿರಲಿಲ್ಲ. ಸೌಟು ಕಾರ್ಖಾನೆಯಲ್ಲಿ ಇದ್ದರೆ ತಾನೇ ಸಿಗಲು? ಅಂದು ಅತ್ತೆ ಅದನ್ನು ಕೋಣೆಯಿಂದ ಹೊರಗೇ ತಂದಿರಲಿಲ್ಲ. ಇನ್ನೊಮ್ಮೆ ಬರುತ್ತೇವೆ ಎಂದು ಅವರು ದಿನವನ್ನೂ ಹೇಳಿ ಹೋಗಿದ್ದರು.

ಗಾಜಿನ ಚೂರುಗಳನ್ನು ಸೊಸೆಯೇ ಬಳಿದು ಹಾಕಿದ ಮೇಲೆ ಅತ್ತೆ ಅವಳನ್ನು ಎದುರು ಕೂರಿಸಿಕೊಂಡರು. ದನಿ ಈಗ ಬೆಣ್ಣೆಯಾಗಿತ್ತು.

"ನೋಡಮ್ಮ, ಆಗಿದ್ದು ಆಗ್ಹೋಯ್ತು. ಅವರು ಮತ್ತೆ ಬಂದಾಗ ತೊಳೆಯೋದ್ರಲ್ಲಿ ನನ್ನಿಂದ ತಪ್ಪಾಯ್ತು ಅಂತ ಹೇಳಿಬಿಡು. ತಪ್ಪು ಯಾರದು ಅಂತ ಗೊತ್ತಾದ್ರೆ ಕಾರ್ಖಾನೆ ಬಾಗಿಲು ತೆಗೀತಾರೆ."

"ಮತ್ತೆ ಸೌಟು?"

"ಯಾವ ಸೌಟು?" ಎಂದು ಅಳಿಯ ಕೇಳಿದ. ಎಂಥ ಮುಗ್ಧ! ಹಲ್ಲುನೋವು ಅಷ್ಟು ಹೊತ್ತಿಗೆ ಪೂರ್ತಿ ವಾಸಿಯಾಗಿತ್ತು.

ಸೊಸೆ ಗಂಡನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. "ನೀವಾದ್ರೂ ನಿಜ ಹೇಳಿ. ದಿನಾ ನೋಡಿದ್ದೀರಲ್ಲ?"

"ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಅಮ್ಮನಿಗೆ ವಯಸ್ಸಾಯ್ತು..."

"ನನ್ನ ಹೆಸರು ಹೋಗುತ್ತೆ! ಕೇಸಾದ್ರೆ ಜೈಲಿಗೆ ಹೋಗೋದು ನಾನು! ಅದೂ ಹೋಗಲಿ ಅಂದ್ಕೊಳ್ಳಿ... ನನ್ನ ಜೈಲಿಗೆ ಕಳಿಸಿ ಬಂದು, ಮಾರನೇ ದಿನ ನಿಮ್ಮಮ್ಮ ಅದೇ ಸೌಟನ್ನ ಮತ್ತೆ ತೊಟ್ಟಿಗೆ ಹಾಕ್ತಾರೆ. ಆಗ ತಿನ್ನೋರ ಗತಿ ಏನು?"

ಅವನು ಕಿಟಕಿಯ ಕಡೆ ತಿರುಗಿಕೊಂಡ. ಅವನ ಬೆನ್ನನ್ನು ನೋಡುತ್ತ ನಿಂತ ಅವಳಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಇದನ್ನು ಗಂಡಸಿನ ಬೆನ್ನು ಎಂದುಕೊಂಡು ಒರಗಿದ್ದೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಪುಟ್ಟಿಗೆ ಜ್ವರ ಬಂತು.

ಮೊದಲು ಮೈಕೈ ನೋವು, ನಂತರ ನಡುಕ. ಸಂಜೆಯ ಹೊತ್ತಿಗೆ "ಮಗು ಒದೀತಾನೇ ಇಲ್ಲ ಅತ್ತಿಗೆ..." ಎಂದು ಅವಳು ಸೊಸೆಯ ಕೈ ಹಿಡಿದು ಅತ್ತಳು. ತಾಯಿಯ ಕೈಯನ್ನಲ್ಲ! ಅದನ್ನು ಅತ್ತೆ ಕಂಡರೂ ಕಾಣದವರಂತೆ ಇದ್ದರು. ಮನೆಮಂದಿಯೆಲ್ಲ ಕಾರಿನಲ್ಲಿ ಆಸ್ಪತ್ರೆಗೆ ಧಾವಿಸಿದರು.

ಡಾಕ್ಟರು ಸಣಕಲು ಹೆಂಗಸು. ಎಲ್ಲರನ್ನೂ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು, "ನಿಮ್ಮದೇ ಅಲ್ವಾ ಆ ಐಸ್‌ಕ್ರೀಂ ಕಾರ್ಖಾನೆ? ಇವರು ತಿಂದಿದ್ದಾರಾ? ಜ್ವರದ ಮಂಪರಲ್ಲಿ ಅವರನ್ನ ಕೇಳೋ ಹಾಗಿಲ್ಲ. ಐಸ್‌ಕ್ರೀಮಲ್ಲಿ ಸಿಕ್ಕಿರೋದು ಲಿಸ್ಟೀರಿಯಾ ಅನ್ನೋ ರೋಗಾಣು. ಅದು ಫ್ರೀಜರಲ್ಲಿ ಇಟ್ಟರೂ ಸಾಯಲ್ಲ. ತಾಯಿಗೆ ಬರೀ ಜ್ವರ ಬಂದ ಹಾಗೆ ಕಾಣುತ್ತೆ, ಏಟು ಬೀಳೋದು ಹೊಟ್ಟೆಯೊಳಗಿನ ಮಗೂಗೆ. ಅದಕ್ಕೆ ಬೇರೆಯದೇ ಔಷಧಿ ಕೊಡಬೇಕು. ರಕ್ತದ ವರದಿ ಬರೋವರೆಗೆ ಕಾಯೋ ಹಾಗಿಲ್ಲ. ಬೇಗ ಹೇಳಿ, ತಿಂದಿದ್ದಾರಾ?"

ಅತ್ತೆ ಶಾಲನ್ನು ಸರಿಮಾಡಿಕೊಂಡರು. ಬೆನ್ನು ನೆಟ್ಟಗಾಯಿತು.

"ಇಲ್ಲ. ನಮ್ಮ ಮಾಲು ಶುದ್ಧ. ಅವಳು ಅದನ್ನ ಮುಟ್ಟೇ ಇಲ್ಲ."

ಅಯ್ಯೋ! ಒಳಗೆ ನರಳುತ್ತಿದ್ದವಳು ಹೊತ್ತು ಹೆತ್ತ ಮಗಳು! ಅವಳ ಉಸಿರಿಗಿಂತ, ಅವಳ ಹೊಟ್ಟೆಯ ಕೂಸಿನ ಉಸಿರಿಗಿಂತ, ಡಬ್ಬಿಯ ಮೇಲಿನ ಹೆಸರು ದೊಡ್ಡದಾಯಿತು ಈ ತಾಯಿಗೆ! ಡಾಕ್ಟರು ಅಳಿಯನ ಮುಖ ನೋಡಿದರು. ಅವನದೇ ಹೆಂಡತಿ, ಅವನದೇ ಮಗು. ಅವನು ಅತ್ತೆಯ ಮುಖ ನೋಡಿದ. ಅನ್ನ ಹಾಕುವವರ ಅಪ್ಪಣೆ ಇಲ್ಲದೆ ಅಪ್ಪನಾಗುವುದೂ ಅವನಿಗೆ ತಿಳಿದಿರಲಿಲ್ಲ. ಮಗರಾಯ "ನಂಗೆ... ನಂಗೆ ಸರಿಯಾಗಿ ಗೊತ್ತಿಲ್ಲ ಡಾಕ್ಟ್ರೇ" ಎಂದು ತೊದಲಿದ.

"ಥೂ!" ಎಂದಳು ಸೊಸೆ. ಆ ಕಾರಿಡಾರಿನಲ್ಲಿ ಓಡಾಡುತ್ತಿದ್ದವರೆಲ್ಲ ತಿರುಗಿ ನೋಡಿದರು. "ತಿಂದಿದ್ದಾರೆ ಡಾಕ್ಟ್ರೇ. ಬಸುರಿ ಆದಾಗಿನಿಂದ ಬಯಕೆ ಅಂತ ದಿನಾ ತಿಂದಿದ್ದಾರೆ. ಇವರೇ ಕೈಯಾರೆ ತಿನ್ನಿಸಿದ್ದಾರೆ. ನೀವು ಔಷಧಿ ಶುರು ಮಾಡಿ, ಏನಾದ್ರೂ ಆದ್ರೆ ನನ್ನ ಕೇಳಿ!"

ಡಾಕ್ಟರು ಅತ್ತೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಒಳಗೆ ಓಡಿದರು.

ಬೆಳಗಾಗುವಷ್ಟರಲ್ಲಿ ಕೂಸನ್ನು ಅವಧಿಗೆ ಮೊದಲೇ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು. ತಾಯಿಗೆ ಜೀವಭಯ ಕಳೆದಿತ್ತು. ಮಗು ಗಾಜಿನ ಪೆಟ್ಟಿಗೆಯಲ್ಲಿ, ಮೂಗಿಗೊಂದು ನಳಿಕೆ, ಕಾಲಿಗೊಂದು ಸೂಜಿ ಚುಚ್ಚಿಸಿಕೊಂಡು ಮಲಗಿತ್ತು. ಉಳಿಯುತ್ತದೆಯೇ ಎಂದರೆ ಈಗಲೇ ಏನೂ ಹೇಳಲಾಗದು ಎಂದರು. ಸೊಸೆ ಗಾಜಿಗೆ ಹಣೆ ತಾಗಿಸಿ ನಿಂತಳು. ಇಷ್ಟು ಹೊತ್ತು ಬಾರದ ಅಳು ಈಗ ಬಂತು... ಬಂದದ್ದು ನಿಲ್ಲಲೇ ಇಲ್ಲ. ಅತ್ತೆ ಎಲ್ಲಿ ಎಂದು ತಿರುಗಿ ನೋಡಿದರೆ ಬೆಂಚು ಖಾಲಿ. ಮನೆಗೆ ಹೋದರಂತೆ. ಇವತ್ತೇ ಅಧಿಕಾರಿಗಳು ಬರುವ ದಿನ!

ಸೊಸೆ ಸಿಕ್ಕಿದ ಬಾಡಿಗೆ ಗಾಡಿ ಹತ್ತಿ ಮನೆಗೆ ಬಂದಳು. ಅಡುಗೆಮನೆಯಲ್ಲಿ ಒಲೆಯ ಮೇಲೆ ದೊಡ್ಡ ಪಾತ್ರೆ, ಅದರಲ್ಲಿ ನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಸೋಪಿನ ಪುಡಿ, ಉಜ್ಜುವ ಬ್ರಷ್ಷು. ರೇಷ್ಮೆ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಸೌಟು ಅತ್ತೆಯ ಕೈಯಲ್ಲಿತ್ತು.

"ಬಂದೆಯಾ? ಬಾ. ಕುದಿಸಿ ಕುದಿಸಿ ಅಂತ ಪ್ರಾಣ ತಿಂತಿದ್ದೆಯಲ್ಲ, ಈಗ ಕುದಿಸ್ತಿದ್ದೀನಿ. ನಿನ್ನ ಆಸೆ ತೀರಲಿ!"

"ತೊಳೀಬೇಡಿ ಅತ್ತೆ!" ತನ್ನ ಬಾಯಿಂದ ಈ ಮಾತು ಬರುತ್ತದೆ ಎಂದು ಅವಳು ಕನಸಿನಲ್ಲಿಯೂ ನೆನೆಸಿರಲಿಲ್ಲ. "ಈಗ ತೊಳೀಬೇಡಿ... ಈಗ ತೊಳೆದ್ರೆ ನಿಜಾನೇ ತೊಳೆದ ಹಾಗೆ."

"ನಿಜ ಯಾರಿಗೆ ಬೇಕು? ನಾನು ಕಟ್ಟಿದ ಮನೆ..."

"ಮಾವ ಕಟ್ಟಿದ್ದು. ನೀವು ಅವರ ಸೌಟು ಹಿಡ್ಕೊಂಡು ಮೆರೆದ್ರಿ, ಅಷ್ಟೇ. ಮಾವ ಇದನ್ನ ತೊಳೀತಿರಲಿಲ್ವಾ? ಹೇಳಿ. ದಿನಾ ಕೆಲಸ ಮುಗಿದ ಮೇಲೆ ತೊಳೀತಿರಲಿಲ್ವಾ?"

ಅತ್ತೆಯ ಕಣ್ಣು ಕಿಟಕಿಯಾಚೆಗೆ ಹೋಯಿತು. ಹೌದು, ಮಾವ ತೊಳೆಯುತ್ತಿದ್ದರು. ಅಂಗಳದ ನಲ್ಲಿಯ ಕೆಳಗೆ, ಅಂಗಿಯ ತೋಳು ಮಡಿಸಿಕೊಂಡು, ಬಿಸಿನೀರು ಸುರಿದು ಅವರು ಉಜ್ಜುತ್ತಿದ್ದುದನ್ನು ಅತ್ತೆಯೇ ಎಷ್ಟು ಬಾರಿ ನೋಡಿರಲಿಲ್ಲ? ಆ ಮುಖದಲ್ಲಿ ಏನೋ ಕುಸಿಯಿತು. ಆದರೂ ಕೈ ಪಾತ್ರೆಯತ್ತ ಹೋಗುತ್ತಲೇ ಇತ್ತು. ಹಟ ಎನ್ನುವುದು ಬುದ್ಧಿಗಿಂತ ತಡವಾಗಿ ಸಾಯುತ್ತದೆ.

ಆಗ ಹಿಂದಿನಿಂದ ಇನ್ನೊಂದು ಕೈ ಬಂದು ಒಲೆಯ ಗುಂಡಿ ತಿರುಗಿಸಿತು. ಉರಿ ಆರಿತು. ಸೊಸೆಯ ಹಿಂದೆಯೇ ಆಸ್ಪತ್ರೆಯಿಂದ ಓಡಿಬಂದ ಗಂಡ ಏದುಸಿರು ಬಿಡುತ್ತ ನಿಂತಿದ್ದ.

"ಬೇಡಮ್ಮ" ಎಂದ. "ಮಗೂನ ನೋಡ್ಕೊಂಡು ಬಂದೆ. ಬೇಡ."

ಇಷ್ಟೇ. ಇಷ್ಟು ವರ್ಷದ ಸಂಸಾರದಲ್ಲಿ ಆ ಮಹಾಶೂರ ಮಾಡಿದ ಪರಾಕ್ರಮ, ಒಂದು ಗ್ಯಾಸ್ ಒಲೆ ಆರಿಸಿದ್ದು. ಸೊಸೆ ಅವನತ್ತ ನೋಡಲಿಲ್ಲ. ನೋಡಿದ್ದರೆ ಅವನು ಅಳುತ್ತಿದ್ದುದು ಕಾಣುತ್ತಿತ್ತು. ಅದನ್ನು ಕಂಡು ಕರಗುವ ವಯಸ್ಸು ಅವಳಿಗೆ ಕಳೆದುಹೋಗಿತ್ತು.

ಹೊರಗೆ ಗಾಡಿ ನಿಂತ ಸದ್ದಾಯಿತು. ಅಧಿಕಾರಿ ಕೈಗವಸು ತೊಡುತ್ತ ಬಾಗಿಲಿಗೆ ಬಂದ. ಅತ್ತೆ ಸೌಟನ್ನು ಹಿಡಿದೇ ಹೊರಗೆ ನಡೆದರು. ಅಂಗಳದ ತುಂಬ ಕೆಲಸಗಾರರು ನಿಂತಿದ್ದರು. ಸೌಟು ಕಂಡದ್ದೇ ತಡ, ಅಭ್ಯಾಸಬಲದಿಂದ ಎಲ್ಲರೂ ಟೋಪಿ ತೆಗೆದರು.

"ಇದು ನಮ್ಮ ಯಜಮಾನ್ರದು" ಎಂದರು ಅತ್ತೆ. ದನಿ ಎಲ್ಲೋ ದೂರದಿಂದ ಬರುತ್ತಿತ್ತು. "ದಿನಾ ತೊಟ್ಟಿಗೆ ಹಾಕ್ತಿದ್ದೆ. ಅವರು ಹೋದ ಮೇಲೆ ಇದನ್ನ ತೊಳೆದಿಲ್ಲ. ಸೊಸೆ ತೊಳೀರಿ ಅಂದ್ಲು... ನಾನೇ ಬಿಡಲಿಲ್ಲ."

ಅಧಿಕಾರಿ ಸೌಟನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ಬಾಯಿ ಬಿಗಿದ. ಫೋಟೋದ ಕೆಳಗೆ ರೇಷ್ಮೆ ಹೊದ್ದು ಮಲಗುತ್ತಿದ್ದ ಸೌಟು!

"ವಾಪಸ್ ಕೊಡ್ತೀರಾ?"

"ಇಲ್ಲಮ್ಮ. ಇನ್ನು ಕೊಡೋಕಾಗಲ್ಲ."

ಅತ್ತೆ ತಲೆಯಾಡಿಸಿದರು. ಖಾಲಿಯಾದ ಎರಡು ಕೈಗಳನ್ನು ಮುಂದೆ ಚಾಚಿಕೊಂಡು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ, ಅಂಗಳದ ನಡುವೆ ನಿಂತುಬಿಟ್ಟರು. ಕಣ್ಣೊರೆಸಿಕೊಳ್ಳಲು ಒಂದು ಕೈ ಮೇಲೆ ಹೋಯಿತು.

ಸೊಸೆ ಆ ಮಣಿಕಟ್ಟನ್ನು ಹಿಡಿದಳು. ಕ್ಷಮಿಸಿದಳೇ? ಇಲ್ಲ. ಆಸ್ಪತ್ರೆಯಲ್ಲಿ ಕೇಳಿದ ಆ 'ಇಲ್ಲ'ವನ್ನು ಅವಳು ಸಾಯುವವರೆಗೂ ಕ್ಷಮಿಸಲಾರಳು. ಆದರೂ ಅತ್ತೆಯನ್ನು ಅಂಗಳದ ನಲ್ಲಿಯ ಬಳಿಗೆ ಕರೆದೊಯ್ದಳು.

"ಕೈ ತೊಳ್ಕೊಳ್ಳಿ ಅತ್ತೆ. ಸೋಪು ಹಾಕಿ, ಮೊಣಕೈವರೆಗೂ. ತೊಳೀದೆ ಆ ಮಗು ಹತ್ತಿರ ಯಾರನ್ನೂ ಬಿಡಲ್ಲ."

ಅತ್ತೆ ಸೊಸೆಯ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಾಗಿ, ಶಾಲನ್ನು ಹಿಂದಕ್ಕೆ ಎಸೆದು, ಸೊಸೆ ಸಾಕು ಎನ್ನುವವರೆಗೂ ಕೈ ಉಜ್ಜುತ್ತಲೇ ಇದ್ದರು.