ಒರೆಗಲ್ಲು ತರದ ದಿನ

ಅಂಗೈ ಇಟ್ಟ ಮೂರು ಸೆಕೆಂಡಿಗೆ ಹಸಿರು ದೀಪ ಹತ್ತಿತು. ಆಸಿಡ್ ಕಪಾಟಿನ ಬೀಗ ತಾನಾಗಿ ಕಳಚಿಕೊಂಡಿತು.

ರಾಣೆಬೆನ್ನೂರಿನ ಶಿವಯೋಗಪ್ಪನ ಕೆಮಿಕಲ್ ಅಂಗಡಿಗೆ ಈ ‘ಅಂಗೈಗಾವಲು’ ಬಂದು ಆರು ವರ್ಷವಾಗಿತ್ತು. ಕೊಳ್ಳುವವನ ನಾಡಿ, ಬೆವರು, ಬೆರಳಿನ ನಡುಕ ಓದಿ, ಮನಸ್ಸಿನಲ್ಲಿ ಕೇಡಿದೆಯೋ ಇಲ್ಲವೋ ಹೇಳುವ ಯಂತ್ರ. ೨೦೫೮ರ ಕಾಯಿದೆ ಖಡಾಖಂಡಿತ. ಕೆಂಪು ಹತ್ತಿದರೆ ವಿಷವನ್ನಾಗಲಿ, ಸ್ಫೋಟಕಕ್ಕೆ ಬಳಸಬಹುದಾದ ರಾಸಾಯನಿಕವನ್ನಾಗಲಿ ಕೊಡುವಂತಿಲ್ಲ. ಹಸಿರು ಹತ್ತಿದರೆ ಇಲ್ಲ ಎನ್ನುವಂತಿಲ್ಲ. ಯಾಕೆ ಬೇಕು ಎಂದು ಕೇಳುವುದೂ ಅಪರಾಧ.

ಕಾಯಿದೆ ಸುಮ್ಮನೆ ಬಂದದ್ದಲ್ಲ. ಯಂತ್ರ ಕಂಡುಹಿಡಿದ ಡಾ. ಶಾಹೀನ್ ನದಾಫ್ ಇದೇ ಊರಿನವಳು. ಅವಳ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ದೇಶದಲ್ಲಿ ಎಲ್ಲಿ ಬಾಂಬು ಸಿಡಿದರೂ ಇಲ್ಲಿಯ ಅಂಗಡಿಯವರು ಆ ಬಡಪಾಯಿಗೆ ಕಲಾಯಿಗೆ ಬೇಕಾದ ನವಸಾಗರದ ಪುಡಿ ಕೊಡುವುದು ನಿಲ್ಲಿಸುತ್ತಿದ್ದರು. ಹೆಸರು ಕೇಳಿಯೇ ಅನುಮಾನ! ಹಾಗೆ ಓಡಿಸಿದವರಲ್ಲಿ ತನ್ನ ಅಪ್ಪನೂ ಒಬ್ಬನೆಂದು ಶಿವಯೋಗಪ್ಪನಿಗೆ ಗೊತ್ತಿತ್ತು. ಯಂತ್ರ ಬಂದಾಗ ಅವನಿಗೆ ಸಮಾಧಾನವೇ ಆಗಿತ್ತು.

ಈಗ ಅಂಗೈ ಇಟ್ಟವನು ಅಕ್ಕಸಾಲಿಗ ಮೌನೇಶ ಪತ್ತಾರ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತು. ಚಿನ್ನದ ಪರೀಕ್ಷೆಗೆ ಆಸಿಡ್ ಒಯ್ಯಲು ಮೂವತ್ತು ವರ್ಷದಿಂದ ಬರುತ್ತಿದ್ದವನು. ಕಿಸೆಯಿಂದ ಒರೆಗಲ್ಲು ತೆಗೆದು, ಚಿನ್ನದ ಗೆರೆ ಎಳೆದು, ಒಂದು ಹನಿ ಬಿಟ್ಟು ನೋಡದೆ ಬಾಟಲಿ ಮುಟ್ಟಿದವನೇ ಅಲ್ಲ. “ನಿನ್ನ ಮಾಲು ನೀರೋ ಆಸಿಡ್ಡೋ, ನೋಡಬೇಕಲ್ಲೋ” ಎಂದು ಕಾಡಿಸುತ್ತಿದ್ದ.

ಇವತ್ತು ಒರೆಗಲ್ಲು ತಂದಿರಲಿಲ್ಲ.

“ಹನಿ ಬಿಟ್ಟು ನೋಡಂಗಿಲ್ಲೇನೋ?”

“ಬ್ಯಾಡ ಬಿಡೋ. ನೀ ಕೊಟ್ಟಿದ್ದು ಛಲೋನ ಇರ್ತದ,” ಎಂದು ಪತ್ತಾರ ನಕ್ಕ.

ಶಿವಯೋಗಪ್ಪ ಬಾಟಲಿಯತ್ತ ಚಾಚಿದ ಕೈಯನ್ನು ಹಿಂದೆಗೆದ. ಮೊದಲಾಗಿದ್ದರೆ ‘ಮಾಲು ಖಾಲಿ ಆಗೇತಿ, ನಾಳೆ ಬಾ, ಈಗ ಕೂಡು, ಚಾ ಕುಡಿ’ ಎಂದು ಸುಳ್ಳು ಹೇಳುತ್ತಿದ್ದ. ಈಗ ಕಪಾಟು ತೆರೆದಿತ್ತು. ಬಾಟಲಿ ಕೊಟ್ಟ.

ಮೂರನೆಯ ದಿನ ಪತ್ತಾರನ ಮನೆಯ ಬಾಗಿಲು ಒಡೆದರು. ಆತ ಜೀವ ತೆಗೆದುಕೊಂಡಿದ್ದ.

ಯಂತ್ರದ ತನಿಖೆಗೆ ಶಾಹೀನಳೇ ಬಂದಳು. ತಾಸುಗಟ್ಟಲೆ ಪರೀಕ್ಷಿಸಿ, “ಮಷೀನ್ ಕೆಟ್ಟಿಲ್ಲ ಕಾಕಾ,” ಎಂದಳು. “ಅವರ ನಾಡಿ ಶಾಂತ ಇತ್ತು. ಯಾರ ಮ್ಯಾಲೂ ಸಿಟ್ಟಿರಲಿಲ್ಲ. ಗಟ್ಟಿ ನಿರ್ಧಾರ ಮಾಡಿದವರು ಹಂಗ ಇರ್ತಾರ. ನನಗದು ಹೊಳೀಲಿಲ್ಲ.”

“ಅವ ಒರೆಗಲ್ಲು ತಂದಿರಲಿಲ್ಲವ್ವಾ.”

“ನಿಮಗ ಅವತ್ತೇ ಅನುಮಾನ ಬಂದಿತ್ತಾ?”

“ಬಂದಿತ್ತು. ಕೇಳಿದ್ರ ಲೈಸೆನ್ಸ್ ಹೋಗ್ತಿತ್ತು. ದೀಪ ಹಸಿರಾತಲ್ಲ, ಇನ್ನ ನನ್ನದೇನೈತಿ ಅಂತ ಸುಮ್ಮನಾದೆ.”

ಶಾಹೀನ್ ಯಂತ್ರದ ಮುಚ್ಚಳ ಮುಚ್ಚಿದಳು. “ಯಾಕ ಬೇಕು ಅಂತ ನಿಮ್ಮಪ್ಪ ನಮ್ಮಪ್ಪನ್ನ ಕೇಳ್ತಿದ್ರು. ಆ ಮಾತು ಇನ್ನ ಯಾರ ಬಾಯಾಗೂ ಬರಬಾರದು ಅಂತ ಇದನ್ನ ಮಾಡಿದೆ ಕಾಕಾ.”

ಅಷ್ಟರಲ್ಲಿ ಹೆಂಗಸೊಬ್ಬಳು ಬಂದು ಇಲಿಪಾಷಾಣ ಕೇಳಿ ಅಂಗೈ ಇಟ್ಟಳು. ಹಸಿರು. ಶಿವಯೋಗಪ್ಪ ಶಾಹೀನಳತ್ತ ನೋಡಿದ. ಅವಳು ತಡೆಯಲಿಲ್ಲ.

“ಯಾಕ ಬೇಕವ್ವಾ?”

ಹೆಂಗಸಿನ ಮುಖ ಬಿಗಿಯಾಯಿತು. “ಹಸಿರು ಹತ್ತೇತಲ್ಲ, ನಿಮಗ್ಯಾಕ ಬೇಕು ಅದು?” ಎಂದವಳೇ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದಳು.

ಇವರಿಬ್ಬರೂ ನೋಡುತ್ತಿದ್ದಂತೆ ಅಲ್ಲಿಯೂ ಹಸಿರು ದೀಪ ಹತ್ತಿತು. ಆ ಅಂಗಡಿಯವನು ತಲೆ ಎತ್ತದೆ ಪೊಟ್ಟಣ ಮುಂದಿಟ್ಟ.