ಹನ್ನೊಂದು ಮೆಟ್ಟಿಲು

ಬಂಜಾರ್‌ಮಾಸಿನ್‌ನ ನದಿಯ ಮೇಲಿನ ದೋಣಿ ಸಂತೆಯಲ್ಲಿ ದುಡ್ಡು ಕೊಟ್ಟರಷ್ಟೇ ವ್ಯಾಪಾರ ಮುಗಿಯುವುದಿಲ್ಲ. ಮಾರುವವಳು "ಕೊಟ್ಟೆ" ಅನ್ನಬೇಕು, ಕೊಳ್ಳುವವನು "ಕೊಂಡೆ" ಅನ್ನಬೇಕು. ದೂರದ ಸುರಬಾಯಾ ನಗರದಿಂದ ಕೆಲಸಕ್ಕೆ ಬಂದಿದ್ದ ಸತ್ರಿಯೋಗೆ ಇದು ಗೊತ್ತಿರಲಿಲ್ಲ. ಹಣ್ಣು ಮಾರುವ ಮಸ್ನಾಳ ದೋಣಿಯಿಂದ ದುಡ್ಡು ಕೊಟ್ಟು ಕಿತ್ತಳೆ ತೆಗೆದುಕೊಂಡು, ನಕ್ಕು, ಹೊರಟೇಬಿಟ್ಟ.

"ರೀ, ಕೊಂಡೆ ಅನ್ನಿ. ಇಲ್ದಿದ್ರೆ ಹಣ್ಣು ಇನ್ನೂ ನಂದೇ."

"ನಿಮ್ದೇ ಇರ್ಲಿ. ನಾಳೆ ಬಂದು ಕೇಳಿ."

ಅವಳು ತಿಂಗಳುಗಟ್ಟಲೆ ದಿನಾ ಕೇಳಿದಳು. ಅವನು ಬೇಕೆಂದೇ ಅನ್ನಲಿಲ್ಲ. ಆ ಜಗಳಕ್ಕಾಗಿಯೇ ಮಸ್ನಾ ದೋಣಿಯನ್ನು ಅವನು ಕೆಲಸ ಮಾಡುವ ದಡದತ್ತ ತಿರುಗಿಸುತ್ತಿದ್ದಳು.

ಸತ್ರಿಯೋ ಕಟ್ಟುತ್ತಿದ್ದದ್ದು ನದಿಗಿಳಿಯುವ ಮೆಟ್ಟಿಲು. ಹಳೆಯ ಮರದ ಕಟ್ಟೆ ಕುಸಿದುಹೋದ ಮೇಲೆ ದೋಣಿ ಹೆಂಗಸರಿಗೆ ದಡ ಹತ್ತುವ ದಾರಿಯಿರಲಿಲ್ಲ. ಮಸ್ನಾಳ ಮಂಡಿನೋವಿನ ಅಮ್ಮ ಸಂತೆಗೆ ಬಾರದೆ ಎರಡು ವರ್ಷವಾಗಿತ್ತು. ಮೆಟ್ಟಿಲ ತುಂಬ ಹೊಳೆಯುವ ಟೈಲ್ಸ್ ಚೂರು ಕೂರಿಸಿ ಅವನು ಮೀನು, ತಾವರೆ ಮೂಡಿಸಿದ್ದ. ನೋಡಿದವರೆಲ್ಲ ಫೋಟೊ ತೆಗೆದುಕೊಂಡರು.

ಮಸ್ನಾ ಒದ್ದೆ ಕಾಲಿಟ್ಟು ನೋಡಿದಳು. ಕಾಲು ಸರ್ರನೆ ಜಾರಿತು.

"ಚೆನ್ನಾಗಿದೆ. ಆದ್ರೆ ಇದ್ರ ಮೇಲೆ ನಮ್ಮಮ್ಮನ್ನ ಹತ್ಸಲ್ಲ."

ಐದು ತಿಂಗಳ ಕೆಲಸ. ಉದ್ಘಾಟನೆಗೆ ಉಳಿದದ್ದು ಒಂದೇ ವಾರ. ಹಣ್ಣು ಮಾರುವವಳಿಗೆ ಕಲೆ ಏನು ಗೊತ್ತು ಎಂದುಬಿಟ್ಟ ಸತ್ರಿಯೋ. ಕಾಲು ಜಾರಿದರೆ ಏಳಬಹುದು, ನಾಲಿಗೆ ಜಾರಿದರೆ? ಮಸ್ನಾ ಮರುದಿನದಿಂದ ಆ ದಡಕ್ಕೆ ಹೋಗಲಿಲ್ಲ. ಮನಸ್ಸು ಮಾತ್ರ ಅಲ್ಲೇ ಇತ್ತು.

ಆರನೆಯ ದಿನ ಪಕ್ಕದ ದೋಣಿಯವಳು ಸುದ್ದಿ ತಂದಳು: ಆ ಮನುಷ್ಯ ಅವತ್ತಿನಿಂದ ಊಟ ನಿದ್ದೆ ಬಿಟ್ಟು ಉಳಿ ಹಿಡಿದು ಎಲ್ಲವನ್ನೂ ಕಿತ್ತು ಮತ್ತೆ ಕೂರಿಸುತ್ತಿದ್ದಾನಂತೆ. ಮಸ್ನಾ ಮರುದಿನ ಬೆಳಿಗ್ಗೆಯೇ ಅಮ್ಮನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟಳು.

ಕಾಲಿಡುವ ಕಡೆಯೆಲ್ಲ ಈಗ ಒರಟು ಕಲ್ಲು, ಪಕ್ಕದಲ್ಲಿ ಹಿಡಿದು ಹತ್ತಲು ಮರದ ಕಂಬಿ. ಮೀನು, ತಾವರೆಗಳು ಮೆಟ್ಟಿಲುಗಳ ನದಿಗೆ ಮುಖಮಾಡಿದ ನೆಟ್ಟನೆಯ ಬದಿಗೆ ಬಂದಿದ್ದವು. ರಸ್ತೆಯಿಂದ ನೋಡಿದರೆ ಬರೀ ಕಲ್ಲು. ಚಿತ್ರ ಕಾಣುವುದು ದೋಣಿಯಲ್ಲಿ ಕೂತವರಿಗೆ ಮಾತ್ರ.

ಅಮ್ಮ ಹನ್ನೊಂದು ಮೆಟ್ಟಿಲನ್ನೂ ನಿಧಾನವಾಗಿ ಹತ್ತಿ, ಮೇಲೆ ಕೂತು, ಹಣ್ಣಿನ ಬುಟ್ಟಿ ಕೊಡು ಎಂದಳು. ಮಸ್ನಾಳ ಕಣ್ಣು ತುಂಬಿತು.

"ಅವತ್ತು ಅಂದಿದ್ದು ತಪ್ಪಾಯ್ತು," ಎಂದ ಸತ್ರಿಯೋ. ಕೈತುಂಬ ಗಾಯವಾಗಿತ್ತು. "ನಾಡಿದ್ದು ಊರಿಗೆ ಹೊರಡ್ಬೇಕು. ಮನಸ್ಸಿಲ್ಲ."

ಅವಳು ಒಂದು ಕಿತ್ತಳೆ ಚಾಚಿದಳು. "ಕೊಟ್ಟೆ."

"ಹಣ್ಣಾ?"

"ಹಣ್ಣೂ."

ಸತ್ರಿಯೋ ಹಣ್ಣಿನ ಜೊತೆ ಆ ಕೈಯನ್ನೂ ಹಿಡಿದುಕೊಂಡ. "ಕೊಂಡೆ," ಎಂದ. ಸಾಲದೆಂದು ಇನ್ನೆರಡು ಸಲ ಅಂದ.

"ಒಂದ್ಸಲ ಅಂದ್ರೆ ಸಾಕಪ್ಪ," ಎಂದಳು ಅಮ್ಮ ಮೇಲಿನಿಂದ. "ಬುಟ್ಟಿ ಕೊಡು."