ಬಟ್ಟೆ ಬಡಿಯುವ ಹಾಡುಗಳನ್ನು ಟಾರ್ಮೊಡ್ ಮರಳಿ ತಂದದ್ದು

ಬಹಳ ಬಹಳ ಹಿಂದೆ, ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿ ಉಲ್ಸೆ ಅನ್ನೋ ದ್ವೀಪರಾಜ್ಯವೊಂದಿತ್ತು. ಅಲ್ಲಿ ಮರವೇ ಇರಲಿಲ್ಲ. ಇದ್ದದ್ದು ಗಾಳಿ, ಕುರಿ, ಕಲ್ಲು ಮತ್ತು ಹಾಡು. ರಾಜನೂ ಓಟ್ಸ್ ಗಂಜಿಯನ್ನೇ ಕುಡಿಯುತ್ತಿದ್ದ, ಕುರಿ ಕಾಯುವವನೂ ಅದನ್ನೇ ಕುಡಿಯುತ್ತಿದ್ದ. ಜೌಗು ನೆಲದ ಕಪ್ಪು ಮಣ್ಣನ್ನು ಹೆಂಟೆ ಹೆಂಟೆಯಾಗಿ ಕಡಿದು, ನಮ್ಮ ಬೆರಣಿಯ ಹಾಗೆ ಒಣಗಿಸಿ, ಒಲೆಗೆ ಹಾಕುತ್ತಿದ್ದರು. ಆ ಹೊಗೆಗೆ ಒಂದು ಪರಿಮಳ. ಕಡಲ ಮೇಲೆ ಮೂರು ಹರಿದಾರಿ ದೂರದಲ್ಲಿದ್ದ ಮೀನುಗಾರ ಕೂಡ ಮೂಗೆತ್ತಿ, "ಓ, ನಮ್ಮ ಮನೆಯಲ್ಲಿ ಗಂಜಿಗೆ ಇಟ್ಟರು" ಅನ್ನುತ್ತಿದ್ದ. ಈಗ ಅಂಥ ಹೊಗೆಯೂ ಇಲ್ಲ, ಅಂಥ ಮೂಗೂ ಇಲ್ಲ.

ಆ ರಾಜ್ಯದಲ್ಲಿ ಟಾರ್ಮೊಡ್ ಅನ್ನೋ ಯುವಕನಿದ್ದ. ಇಪ್ಪತ್ತೆರಡರ ಪ್ರಾಯ. ತಂದೆತಾಯಿಯನ್ನು ಕಡಲು ತೆಗೆದುಕೊಂಡಿತ್ತು. ಸಾಕಿದವಳು ಅಜ್ಜಿ ಎಫ್ರಿಕ್. ಬ್ಯಾಗ್‌ಪೈಪು ಅನ್ನೋ ಚೀಲದ ವಾದ್ಯವನ್ನು ಅವನು ಊದಿದರೆ ಕುರಿಗಳು ಮೇಯುವುದನ್ನು ಬಿಟ್ಟು ಸಾಲಾಗಿ ನಿಲ್ಲುತ್ತಿದ್ದವು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರಿಗೆಲ್ಲ ಅವನೇ ಹೇಳುತ್ತಿದ್ದ.

"ಉಲ್ಸೆಯ ಟಾರ್ಮೊಡ್ ಅಂದ್ರೆ ಯಾರು ಅಂದ್ಕೊಂಡ್ರಿ?" ಇದು ಅವನ ಮಾತಿನ ಶುರು. ಬಹಳ ಸಲ ಕೊನೆಯೂ ಅದೇ.

ಉಲ್ಸೆಯ ಹೆಂಗಸರಿಗೆ ಒಂದು ದೊಡ್ಡ ಕೆಲಸವಿತ್ತು. ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಜಾಳುಜಾಳಾಗಿರುತ್ತದೆ, ಗಾಳಿ ಅದರೊಳಗೇ ಓಡಾಡುತ್ತದೆ. ಅದನ್ನು ತಿಂಗಳುಗಟ್ಟಲೆ ಕೂಡಿಟ್ಟ ಹಳೆಯ ಉಚ್ಚೆಯಲ್ಲಿ ನೆನೆಸಬೇಕು. ಮೂಗು ಮುಚ್ಚಿಕೊಳ್ಳಬೇಡಿ, ಉಣ್ಣೆಯ ಜಿಡ್ಡು ಬಿಡುವುದು ಅದಕ್ಕೇ. ಆಮೇಲೆ ಹನ್ನೆರಡು ಹೆಂಗಸರು ಉದ್ದನೆಯ ಹಲಗೆಯ ಎರಡು ಕಡೆ ಕೂತು ಆ ಒದ್ದೆ ಬಟ್ಟೆಯನ್ನು ಧಪ್ ಧಪ್ ಎಂದು ಬಡಿಯಬೇಕು. ಒಬ್ಬಳು ಹಾಡು ಎತ್ತುತ್ತಾಳೆ, ಉಳಿದವರು ಮರುದನಿ ಕೊಡುತ್ತಾರೆ. ಹಾಡು ನಡೆದಂತೆ ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ.

ಅದಕ್ಕೆ ಎರಡು ಕಟ್ಟಳೆ. ಗಂಡಸರು ಆ ಹಲಗೆಯ ಹತ್ತಿರ ಸುಳಿಯಬಾರದು. ಒಂದು ಬಟ್ಟೆ ಮುಗಿಯುವವರೆಗೆ, ಒಮ್ಮೆ ಹಾಡಿದ ಹಾಡನ್ನು ಮತ್ತೆ ಹಾಡಬಾರದು.

ಹಾಡು ಎತ್ತುವವಳು ಯಾವಾಗಲೂ ಎಫ್ರಿಕ್ ಅಜ್ಜಿ. ಅವಳ ಹತ್ತಿರ ಮುನ್ನೂರ ಅರವತ್ತು ಹಾಡುಗಳಿದ್ದವು. ಊರಿನ ಪ್ರತಿಯೊಬ್ಬರ ಹೆಸರೂ ಯಾವುದೋ ಒಂದು ಹಾಡಿನಲ್ಲಿ ಇರುತ್ತಿತ್ತು.

ಒಂದು ಶರತ್ಕಾಲದ ಮಧ್ಯಾಹ್ನ ಟಾರ್ಮೊಡ್ ರಾಜನ ಮುಂದೆ ಪೈಪು ಊದಿ, ಎಲ್ಲರನ್ನೂ ಸೋಲಿಸಿ, ಚೌಕಳಿ ಉಡುಪು ಹಾರಿಸಿಕೊಂಡು ಮನೆಗೆ ಬಂದ. ಒಳಗೆ ಬಟ್ಟೆ ಬಡಿಯುತ್ತಿದ್ದರು. ಅವನು ಬಾಗಿಲು ತಳ್ಳಿ ನೇರ ಒಳಗೆ ನುಗ್ಗಿದ.

"ಹೊರಗೆ ನಡಿಯೋ! ಕಣ್ಣು ಕಾಣಲ್ವಾ ನಿಂಗೆ?" ಎಂದಳು ಪಕ್ಕದ ಮನೆಯ ಕಿರ್ಸ್ಟಿ ಅತ್ತೆ.

"ಅತ್ತೆ, ರಾಜನೇ ಎದ್ದು ನಿಂತು ಕೇಳಿದ ಪೈಪಿದು. ನೀವು ಹೊರಗೆ ನಡಿ ಅಂತೀರಾ? ಅಜ್ಜಿ, ಈಗ ಹಾಡಿದ್ಯಲ್ಲ, ಅದನ್ನ ಇನ್ನೊಂದು ಸಲ ಹಾಡು. ನಾನು ಪೈಪಿನಲ್ಲಿ ಹಿಡೀತೀನಿ. ನಾಳೆ ಇಡೀ ರಾಜ್ಯ ಕುಣಿಯತ್ತೆ."

"ಬೇಡ ಮಗಾ. ಈ ಬಟ್ಟೆಗೆ ಆ ಹಾಡು ಆಯ್ತು."

"ಒಂದೇ ಒಂದು ಸಲ ಅಜ್ಜಿ. ನನಗೋಸ್ಕರ."

ಮೊಮ್ಮಗ ಕೇಳಿದ. ಅಜ್ಜಿ ಕರಗಿದಳು. ಅದೇ ಹಾಡನ್ನು ಮತ್ತೆ ಎತ್ತಿದಳು.

ಎರಡನೆಯ ಸಾಲಿಗೆ ಬಾಗಿಲಲ್ಲಿ ಮಂಜು ನಿಂತಿತು. ಮಂಜಿಗೆ ನಿಲುವಂಗಿ ಇತ್ತು, ನಿಲುವಂಗಿಗೆ ಗಡ್ಡ ಇತ್ತು. ಅವನೇ ಬೂದು ಮಾಂತ್ರಿಕ. ಕಟ್ಟಳೆ ಎಲ್ಲಿ ಮುರಿಯುತ್ತದೋ ಅಲ್ಲಿ ಒಳಗೆ ಬರುವ ಶಕ್ತಿ ಅವನಿಗಿತ್ತು. ಅವನು ಬಾಯಿ ತೆರೆದು ಒಂದೇ ಒಂದು ಉಸಿರು ಎಳೆದುಕೊಂಡ. ಉಲ್ಸೆಯ ಎಲ್ಲ ಗಂಟಲುಗಳ ಎಲ್ಲ ಹಾಡುಗಳೂ ಅವನ ಗಂಟಲಿಗೆ ಹೋದವು. ಟಾರ್ಮೊಡನ ಪೈಪು ಹಸಿದ ಬೆಕ್ಕಿನ ಹಾಗೆ ಒಮ್ಮೆ ನರಳಿ ಸುಮ್ಮನಾಯಿತು. ಮಂಜು ಕಡಲಿನ ಕಡೆ ಹೊರಟುಹೋಯಿತು.

"ಅಜ್ಜಿ!" ಎಂದು ಕೂಗಿದ ಟಾರ್ಮೊಡ್.

ಅಜ್ಜಿ ತಲೆ ಎತ್ತಿ ನೋಡಿದಳು. ಬಹಳ ಮರ್ಯಾದೆಯಿಂದ ಕೇಳಿದಳು: "ಯಾರಪ್ಪ ನೀನು? ಯಾರ ಮನೆ ಮಗ?"

ಅವನ ಹೆಸರು ಹಾಡಿನಲ್ಲಿತ್ತು. ಹಾಡು ಹೋಗಿತ್ತು.

ಕಿರ್ಸ್ಟಿ ಅತ್ತೆ ಹೊರಗೆ ಕರೆದು ಹೇಳಿದಳು: "ನನ್ನ ಮುತ್ತಜ್ಜಿ ಕಾಲದಲ್ಲೂ ಒಂದ್ಸಲ ಹೀಗೆ ಆಗಿತ್ತಂತೆ. ಎಲ್ಲರಿಗಿಂತ ಹೆಚ್ಚು ಹಾಡು ಇದ್ದೋರಿಗೆ ಎಲ್ಲರಿಗಿಂತ ಹೆಚ್ಚು ಮರೆವು. ಮೊದಲು ಹೆಸರು ಮರೆಯತ್ತೆ. ಆಮೇಲೆ ಮನೆ. ಮೊದಲ ಹಿಮ ಬೀಳೋ ಹೊತ್ತಿಗೆ ಉಸಿರಾಡೋದೂ ಮರೆಯತ್ತೆ."

"ಹಿಮ ಬೀಳೋದಕ್ಕೆ ಎಷ್ಟು ದಿನ ಇದೆ ಅತ್ತೆ?"

"ಹೆಚ್ಚಂದ್ರೆ ಹತ್ತು. ಅವನ ಮನೆ ಪಡುವಣ ಕಡಲಿನ ಒಂದು ಬಂಡೆ ಮೇಲಿದೆಯಂತೆ. ಹೋಗು. ಬಾಯಲ್ಲಿ ಮಾಡಿದ್ದನ್ನ ಈಗ ಕಾಲಲ್ಲಿ ಸರಿಮಾಡು."

ಟಾರ್ಮೊಡ್ ಹೊರಟ. ಹೊಸ್ತಿಲಲ್ಲಿ ಅಜ್ಜಿ ಅವನಿಗೆ ಒಂದು ಬಟ್ಟಲು ಗಂಜಿ ಕೊಟ್ಟಳು. ಯಾರೋ ದಾರಿಹೋಕನಿಗೆ ಕೊಡುವ ಹಾಗೆ ಕೊಟ್ಟಳು. ಅದನ್ನು ಕುಡಿಯುವುದು ಅವನಿಗೆ ಬಹಳ ಕಷ್ಟವಾಯಿತು.

ಮೊದಲು ಮೂರು ಗುಡ್ಡ, ಗುಡ್ಡದ ನಡುವೆ ಒಂದು ಕಪ್ಪು ಸರೋವರ. ಸರೋವರದ ದಡದಲ್ಲಿ ಒಂದು ಬಿಳಿ ಕುದುರೆ ನಿಂತಿತ್ತು. ಅದರ ಕೇಸರದಿಂದ ನೀರು ತೊಟ್ಟಿಕ್ಕುತ್ತಿತ್ತು, ಕೇಸರದಲ್ಲಿ ಪಾಚಿ ಸಿಕ್ಕಿಕೊಂಡಿತ್ತು. ಅದು ನೀರುಗುದುರೆ. ಮುಟ್ಟಿದವರು ಅಂಟಿಕೊಳ್ಳುತ್ತಾರೆ, ಅಂಟಿಕೊಂಡವರನ್ನು ಅದು ತಳಕ್ಕೆ ಒಯ್ದು ತಿನ್ನುತ್ತದೆ.

"ಬಾಪ್ಪಾ ಬಾ," ಎಂದಿತು ಕುದುರೆ. "ಕಾಲು ನೋಯ್ತಿರಬೇಕು. ನನ್ನನ್ನ ಹತ್ತೋ ಧೈರ್ಯ ಈ ರಾಜ್ಯದಲ್ಲಿ ಯಾರಿಗೂ ಇಲ್ಲ ಬಿಡು."

"ಉಲ್ಸೆಯ ಟಾರ್ಮೊಡ್ ಅಂದ್ರೆ ಯಾರು ಅಂದ್ಕೊಂಡೆ?" ಎಂದು ಅವನು ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟ. ಕೈ ಅಂಟಿತು. ಕುದುರೆ ನಕ್ಕು ನೀರಿನ ಕಡೆ ನಡೆಯಿತು.

ಆದರೆ ಆ ಕೈಗೆ ಅಜ್ಜಿ ಹೆಣೆದ ಕೈಗವಸಿತ್ತು. ಅವಳು ಯಾವಾಗಲೂ ಒಂದು ಅಳತೆ ದೊಡ್ಡದಾಗಿಯೇ ಹೆಣೆಯುತ್ತಿದ್ದಳು. "ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗಲಿ" ಅನ್ನುತ್ತಿದ್ದಳು. ಮಗುವಿಗೆ ಮೀಸೆ ಬಂದಮೇಲೂ ಹಾಗೇ ಅನ್ನುತ್ತಿದ್ದಳು. ಊರ ಹುಡುಗಿಯರ ಮುಂದೆ ಆ ಜೋತಾಡುವ ಕೈಗವಸು ಹಾಕಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಈಗ ಕೈ ಸುಮ್ಮನೆ ಎಳೆದ. ಗವಸು ಅಲ್ಲೇ ಉಳಿಯಿತು, ಕೈ ಹೊರಗೆ ಬಂತು. ಆ ಕೈಯಿಂದಲೇ ಕುದುರೆಯ ಕಡಿವಾಣ ಕಿತ್ತುಕೊಂಡ. ಕಡಿವಾಣ ಯಾರ ಕೈಯಲ್ಲಿದೆಯೋ ನೀರುಗುದುರೆ ಅವರ ಮಾತು ಕೇಳಬೇಕು.

"ಮೋಸ!" ಎಂದಿತು ಕುದುರೆ.

"ಅಳತೆ ಅಷ್ಟೇ," ಎಂದ ಟಾರ್ಮೊಡ್. "ನಡಿ, ಪಡುವಣ ದಡಕ್ಕೆ."

ಕುದುರೆ ಮೂರು ಗುಡ್ಡಗಳನ್ನು ಮೂರು ನೆಗೆತಕ್ಕೆ ದಾಟಿತು. ದಡದಲ್ಲಿ ಅವನು ಕಡಿವಾಣ ಹಿಂದಿರುಗಿಸಿ, "ಇನ್ನು ಯಾರನ್ನೂ ತಿನ್ನಲ್ಲ ಅಂತ ಮಾತು ಕೊಡು" ಎಂದ. ಕುದುರೆ ಮಾತು ಕೊಟ್ಟಿತು. ಗವಸನ್ನು ಮಾತ್ರ ಕೊಡಲಿಲ್ಲ. ಬೆಚ್ಚಗಿದೆ, ಇರಲಿ ಎಂದಿತು.

ಆಮೇಲೆ ಕಡಲು. ಒಂದು ಹಳೆಯ ದೋಣಿ ಹತ್ತಿ ಹೊರಟ. ನಡುಗಡಲಿನಲ್ಲಿ ನೀಲಿ ಮೈಯ ನೀರುಜನ ಎದ್ದು ಸೊಂಟದವರೆಗೆ ನಿಂತರು. ಅವರು ಪದ ಹೇಳುತ್ತಾರೆ. ಎದುರಿನವನು ತಕ್ಷಣ ಪದದಲ್ಲೇ ಉತ್ತರ ಕೊಡಬೇಕು. ತಡವರಿಸಿದರೆ ದೋಣಿ ಮುಳುಗಿತು.

ಅವರ ನಾಯಕ ಹೇಳಿದ:

"ತೆಳ್ಳನೆ ಹಲಗೆ, ಹರಕಲು ಹಾಯಿ, ಎಲ್ಲಿಗೆ ಹೊರಟೆಯೊ ಒಬ್ಬನೆ?
ಉಪ್ಪಿನ ನೀರಿನ ಊರಿಗೆ ಬಂದೆ, ಉಳಿಸುವರಾರೋ ನಿನ್ನನೆ?"

ಟಾರ್ಮೊಡನ ಹಾಡು ಹೋಗಿತ್ತು, ಬಾಯಿ ಹೋಗಿರಲಿಲ್ಲ. "ಉಲ್ಸೆಯ ಟಾರ್ಮೊಡ್ ಅಂದ್ರೆ ಯಾರು ಅಂದ್ಕೊಂಡ್ರಿ?" ಎಂದು ದೋಣಿಯಲ್ಲಿ ಎದ್ದು ನಿಂತ:

"ಹಲಗೆಯು ತೆಳುವೇ, ಹಾಯಿಯು ಹರಕೇ, ಎದೆಯಿದೆ ನೋಡೋ ದಪ್ಪನೆ!
ಉಪ್ಪಿನ ನೀರಲಿ ನೆನೆದೂ ನೆನೆದೂ ನಿನ್ನ ಮುಖವೇಕೆ ಸಪ್ಪನೆ?"

ನೀಲಿಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಯಕ ಮುಖ ಒರೆಸಿಕೊಂಡು ಮತ್ತೆ ಹೇಳಿದ:

"ಗಾಳಿಯು ನಮ್ಮದು, ಅಲೆಗಳು ನಮ್ಮವು, ನಿನ್ನದು ಇಲ್ಲಿ ಏನಿದೆಯೋ?"

ಟಾರ್ಮೊಡ್ ಬಾಯಿ ತೆರೆದ. ಅವನಿಗೇ ಗೊತ್ತಿಲ್ಲದೆ ಬಂತು:

"ಅಜ್ಜಿಯು ಕಾಸಿದ ಗಂಜಿಯ ಬಿಸಿಯು ಹೊಟ್ಟೆಯಲಿನ್ನೂ ಹಾಗಿದೆಯೋ!"

ಈ ಸಲ ಯಾರೂ ನಗಲಿಲ್ಲ. "ನನಗೂ ಒಬ್ಬಳು ಅಜ್ಜಿ ಇದ್ದಳಪ್ಪಾ, ಕಡಲತಳದಲ್ಲಿ," ಎಂದ ನಾಯಕ. "ಹೋಗು. ಬರುವಾಗಲೂ ನಿನ್ನನ್ನು ತಡೆಯಲ್ಲ." ಅವರೇ ದೋಣಿ ತಳ್ಳಿಕೊಂಡು ಹೋಗಿ ಮಾಂತ್ರಿಕನ ಬಂಡೆಗೆ ತಾಗಿಸಿದರು.

ಅದು ಬೋಳು ಬಂಡೆ. ಮೇಲೆ ಒಂದು ಮನೆ, ಒಲೆಯಲ್ಲಿ ಬೆಂಕಿಯಿಲ್ಲ. ಮನೆಯ ಸುತ್ತ ಆಳೆತ್ತರದ ಕಲ್ಲುಗಳು ವೃತ್ತವಾಗಿ ನಿಂತಿದ್ದವು. ಒಂದು ಕಲ್ಲಿಗೆ ಕಿರೀಟ, ಒಂದು ಕಲ್ಲಿಗೆ ವೀಣೆ, ಮೂರು ಕಲ್ಲುಗಳ ಕಂಕುಳಲ್ಲಿ ಪೈಪು.

ಬೂದು ಮಾಂತ್ರಿಕ ಹೊಸ್ತಿಲಲ್ಲಿ ಕೂತಿದ್ದ.

"ಬಂದ್ಯಾ? ಇವರೆಲ್ಲ ನಿನ್ನ ಹಾಗೇ ಬಂದೋರು," ಎಂದ. "ಆಟ ಸುಲಭ. ನಾನು ಹಾಡ್ತೀನಿ. ನೀನು ನನ್ನನ್ನ ಮೀರಿಸಬೇಕು. ಮೀರಿಸಿದ್ರೆ ಹಾಡುಗಳು ನಿನ್ನವು. ಸೋತ್ರೆ ಅಲ್ಲಿ ಆ ಮೂಲೆಯಲ್ಲಿ ಒಂದು ಕಲ್ಲಿಗೆ ಜಾಗ ಇದೆ."

ಮಾಂತ್ರಿಕ ಹಾಡು ಎತ್ತಿದ. ಎಫ್ರಿಕ್ ಅಜ್ಜಿಯ ಹಾಡು! ಅವಳದೇ ದನಿ. ಮೊದಲ ಸಾಲು ಬಂದು ಗಂಟಲಲ್ಲೇ ನಿಂತಿತು. ಅವನು ಗಂಟಲು ಸವರಿಕೊಂಡು ಮತ್ತೆ ಎತ್ತಿದ. ಮತ್ತೆ ಮೊದಲ ಸಾಲಿಗೇ ನಿಂತಿತು.

ಟಾರ್ಮೊಡ್ ಎದೆ ಉಬ್ಬಿಸಿ "ಉಲ್ಸೆಯ…" ಎಂದ. ಅಷ್ಟಕ್ಕೇ ಅವನ ಹೆಬ್ಬೆರಳು ಕಲ್ಲಾಯಿತು. ಬಾಯಿ ಮುಚ್ಚಿದ.

ಆ ದನಿ ಕೇಳಿ ಅವನ ಕಣ್ಣಮುಂದೆ ಮನೆ ಬಂತು. ಸಣ್ಣವನಿದ್ದಾಗ ಹಲಗೆಯ ಕೆಳಗೆ ಮಲಗಿರುತ್ತಿದ್ದ; ಮೇಲೆ ಧಪ್ ಧಪ್, ಸೂರಿನಲ್ಲಿ ಹೊಗೆ, ಹೆಂಗಸರ ಬೆವರು, ಆ ಹಳೆಯ ಉಚ್ಚೆಯ ಘಾಟು. ಅಜ್ಜಿ ಒಂದು ಸಾಲು ಎತ್ತಿದರೆ ಹನ್ನೊಂದು ಗಂಟಲು ಅದನ್ನು ಕೆಳಗೆ ಬೀಳದ ಹಾಗೆ ಹಿಡಿಯುತ್ತಿದ್ದವು. ಯಾರೂ ಅವಳನ್ನು ಮೀರಿಸಲು ಹೋಗುತ್ತಿರಲಿಲ್ಲ. ಮರುದನಿ ಕೊಡುತ್ತಿದ್ದರು, ಅಷ್ಟೇ. ಈ ಮಾಂತ್ರಿಕನಿಗೆ ಮರುದನಿ ಕೊಡುವವರು ಯಾರಿದ್ದಾರೆ? ಅದಕ್ಕೇ ಹಾಡು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಆದರೆ ಮರುದನಿ ಹೆಂಗಸರ ಪಾಲು. ಉಲ್ಸೆಯ ಗಂಡಸು ಅದನ್ನು ಹಾಡಿದ ಅಂತ ಗೊತ್ತಾದರೆ ಏಳು ಊರಿನವರು ಏಳು ವರ್ಷ ನಗುತ್ತಾರೆ. ಟಾರ್ಮೊಡ್ ಆಚೆ ನೋಡಿದ, ಈಚೆ ನೋಡಿದ. ಹೊದ್ದಿದ್ದ ಒದ್ದೆ ಹೊದಿಕೆಯನ್ನು ತೆಗೆದ. ಬಂಡೆಯ ಮೇಲೆ ಹಾಸಿ, ಮಂಡಿಯೂರಿ ಕೂತ. ಧಪ್ ಎಂದು ಬಡಿದ.

"ಹೇ ಹೋ ರೋ, ಹೂ ರೀ ಹೋ!"

ಮಾಂತ್ರಿಕ ಬೆಚ್ಚಿಬಿದ್ದ. ಎರಡನೆಯ ಸಾಲು ತಾನಾಗಿಯೇ ಅವನ ಬಾಯಿಂದ ಹೊರಬಿತ್ತು. ಟಾರ್ಮೊಡ್ ಮರುದನಿ ಕೊಟ್ಟ. ಮೂರನೆಯದು ಬಂತು. ಹಾಡು ಮುಗಿದೊಡನೆ ಮಾಂತ್ರಿಕನ ಬಾಯಿಂದ ಬಿಸಿ ಹೊಗೆಯ ಸುರುಳಿಯೊಂದು ಎದ್ದು ಉಲ್ಸೆಯ ಕಡೆ ಹಾರಿಹೋಯಿತು. ಹಿಂದೆಯೇ ಇನ್ನೊಂದು ಹಾಡು.

"ನಿಲ್ಲಿಸೋ!" ಎಂದು ಕಿರುಚಿದ ಮಾಂತ್ರಿಕ.

"ಎತ್ತಿದೋನು ನೀನು ಕಣಯ್ಯಾ! ಹೇ ಹೋ ರೋ!"

"ಗಂಡಸಾಗಿ ಹೆಂಗಸರ ಹಾಡು ಹಾಡ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಆಗತ್ತೆ! ಹೂ ರೀ ಹೋ!"

ಒಂದಾದ ಮೇಲೆ ಒಂದು, ಮುನ್ನೂರ ಅರವತ್ತು ಹಾಡುಗಳು. ಟಾರ್ಮೊಡನ ಅಂಗೈ ಸುಲಿಯಿತು, ಗಂಟಲು ಒಡೆಯಿತು. ಕೊನೆಯ ಹಾಡು ಹೊರಟಾಗ ಹೊಸ್ತಿಲ ಮೇಲೆ ಬರೀ ನಿಲುವಂಗಿ ಬಿದ್ದಿತ್ತು. ಒಳಗಿದ್ದ ಮಂಜನ್ನು ಗಾಳಿ ಎತ್ತಿಕೊಂಡು ಹೋಗಿ ಕಡಲಿಗೆ ಸುರಿಯಿತು. ಟಾರ್ಮೊಡನ ಹೆಬ್ಬೆರಳು ಮತ್ತೆ ಮೆತ್ತಗಾಯಿತು, ಸುತ್ತಲಿನ ಕಲ್ಲುಗಳೆಲ್ಲ ಮೈಮುರಿದು ಮನುಷ್ಯರಾದವು. ಕಿರೀಟದವನು ಕೇಳಿದ ಮೊದಲ ಮಾತು, "ತಿನ್ನೋಕೆ ಏನಾದ್ರೂ ಇದೆಯಾ?"

ಮಾತಿನಂತೆ ನೀಲಿಜನ ತಡೆಯಲಿಲ್ಲ, ಬಿಳಿ ಕುದುರೆ ಗುಡ್ಡ ದಾಟಿಸಿತು. ಟಾರ್ಮೊಡ್ ಮನೆ ಮುಟ್ಟುವಾಗ ಆಕಾಶ ಹಿಮ ತುಂಬಿಕೊಂಡು ಬಗ್ಗಿತ್ತು.

ಕಿರ್ಸ್ಟಿ ಅತ್ತೆ ಬಾಗಿಲಲ್ಲೇ ಹಿಡಿದಳು. "ಹಾಡು ಬಂತು ಕಣೋ, ಎಲ್ಲರಿಗೂ ಬಂತು. ನಿಮ್ಮಜ್ಜಿಗೂ ಬಂದಿದೆ. ಆದ್ರೆ ಒಂದು ಸಾಲು ಎತ್ತಿ ಅಲ್ಲೇ ನಿಲ್ಲಿಸಿಬಿಡ್ತಾಳೆ. ಯಾರನ್ನೂ ಗುರುತಿಸ್ತಿಲ್ಲ. ಉಸಿರು ಸಣ್ಣದಾಗಿದೆ."

ಒಳಗೆ ಹೆಂಗಸರು ಹಲಗೆಯ ಮುಂದೆ ಕೂತಿದ್ದರು. ಅಜ್ಜಿ ತನ್ನ ಜಾಗದಲ್ಲಿ ಬಟ್ಟೆಯ ಅಂಚು ಹಿಡಿದು ಸುಮ್ಮನಿದ್ದಳು. ಟಾರ್ಮೊಡ್ ಒಳಗೆ ಬಂದ. ರಾಜನ ವಿಷಯ ಹೇಳಲಿಲ್ಲ, ಮಾಂತ್ರಿಕನ ವಿಷಯ ಹೇಳಲಿಲ್ಲ. ಹಲಗೆಯ ತುದಿಗೆ ಹೋಗಿ, ಇಬ್ಬರು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತ.

"ಅಯ್ಯೋ, ಇವನು!" ಎಂದಳು ಒಬ್ಬಳು.

"ಇರಲಿ ಬಿಡೇ," ಎಂದಳು ಕಿರ್ಸ್ಟಿ ಅತ್ತೆ. ಅವನ ಸುಲಿದ ಅಂಗೈ ಅವಳಿಗೆ ಕಂಡಿತ್ತು.

ಅಜ್ಜಿ ಕ್ಷೀಣವಾಗಿ ಒಂದು ಸಾಲು ಎತ್ತಿದಳು. ನಿಲ್ಲಿಸುವ ಮೊದಲೇ ಮರುದನಿ ಬಂತು. ಹನ್ನೊಂದು ಹೆಂಗಸರ ದನಿ, ಅದರ ಜೊತೆ ಒಡೆದ ಗಡಸು ದನಿಯೊಂದು. ಧಪ್ ಧಪ್ ಅನ್ನುವಲ್ಲಿ ಒಬ್ಬನ ಕೈ ಮಾತ್ರ ಅರ್ಧ ಏಟು ತಡವಾಗಿ ಬೀಳುತ್ತಿತ್ತು.

ಅಜ್ಜಿ ಕಿವಿಗೊಟ್ಟಳು. ಇನ್ನೊಂದು ಸಾಲು ಎತ್ತಿದಳು. ಮತ್ತೆ ಆ ಕೈ ತಡ. ಅವಳ ಹುಬ್ಬು ಗಂಟಿಕ್ಕಿತು, ಮುಖಕ್ಕೆ ಕಳೆ ಬಂತು.

"ಯಾರದು ತಾಳ ಕೆಡಿಸ್ತಿರೋದು?" ಎಂದು ಗದರಿದಳು. ಹಲಗೆಯ ತುದಿಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಟಾರ್ಮೊಡ್! ಪೈಪು ಊದೋನಿಗೆ ಇಷ್ಟೂ ಬರಲ್ವೇನೋ? ಎಡಗೈ ಅಲ್ಲ, ಬಲಗೈ ಮೊದಲು!"

"ಸರಿ ಅಜ್ಜಿ," ಎಂದ ಟಾರ್ಮೊಡ್. ಅವನ ಕಣ್ಣೀರು ಬಟ್ಟೆಯ ಮೇಲೆ ಬಿತ್ತು. ಬಟ್ಟೆ ಹೇಗೂ ಒದ್ದೆಯಾಗಿತ್ತು, ಯಾರಿಗೂ ತಿಳಿಯಲಿಲ್ಲ.

ಹೊರಗೆ ಹಿಮ ಬೀಳತೊಡಗಿತು. ಒಳಗೆ ಬಟ್ಟೆ ದಪ್ಪವಾಯಿತು. ಆ ವರ್ಷದ ಬಟ್ಟೆಯನ್ನು ಹೊದ್ದ ಯಾವ ಮೀನುಗಾರನನ್ನೂ ಚಳಿ ಮುಟ್ಟಲಿಲ್ಲ. ಏಳು ಊರಿನವರು ಟಾರ್ಮೊಡನನ್ನು ನೋಡಿ ನಕ್ಕದ್ದೂ ನಿಜ, ಮರುವರ್ಷ ಅವರ ಗಂಡಸರೂ ಒಬ್ಬೊಬ್ಬರಾಗಿ ಹಲಗೆಗೆ ಬಂದು ಕೂತದ್ದೂ ನಿಜ. ಎಫ್ರಿಕ್ ಅಜ್ಜಿ ನೂರು ದಾಟಿ ಬದುಕಿದಳು, ನೂರು ದಾಟಿದ ಮೇಲೂ ಗದರಿದಳು. ಅವರ ಒಲೆಯ ಹೊಗೆ ಅವರ ಸೂರಿನ ಮೇಲೆ ಏಳುತ್ತಿರಲಿ, ನಮ್ಮದು ನಮ್ಮ ಸೂರಿನ ಮೇಲೆ.